ಟ್ರಾಲಿ ಬ್ಯಾಗಿನಲ್ಲಿ ಅಂತಾರಾಷ್ಟ್ರೀಯ ಸಹಕಾರ

ದೇಶ ದೇಶಗಳ ನಡುವೆ ಸಹಕಾರವೇ ಇಲ್ಲ ಅಂತ ಗೊಣಗುವವರು ಒಮ್ಮೆ ಬೆಂಗಳೂರು ವಿಮಾನ ನಿಲ್ದಾಣದ ಲಗೇಜ್ ಬೆಲ್ಟ್ ಪಕ್ಕ ನಿಲ್ಲಬೇಕು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದಿಳಿದ ಒಬ್ಬನ ಟ್ರಾಲಿ ಬ್ಯಾಗ್ ತೆರೆದ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು 234 ಪ್ರಾಣಿಗಳು. ಹೆಬ್ಬಾವು, ಗೋಸುಂಬೆ, ಇಗುವಾನಾ ಎಂಬ ದೊಡ್ಡ ಹಲ್ಲಿ, ಆಮೆ, ಜೊತೆಗೊಂದು ಕಾಂಗರೂ ಮರಿ. ನಮಗೆ ಬ್ಯಾಗಿನಲ್ಲಿ ಒಂದು ಉಪ್ಪಿನಕಾಯಿ ಬಾಟಲಿ ಹಿಡಿಸುವುದೇ ಕಷ್ಟ! ಕಾಂಗರೂ ಮರಿ ಚೀಲದಲ್ಲೇ ತಾನೇ ಬೆಳೆಯೋದು ಅಂತ ಆ ಪುಣ್ಯಾತ್ಮ ಅಂದುಕೊಂಡಿರಬೇಕು. ತಾಯಿಯ ಚೀಲಕ್ಕೆ ಜಿಪ್ ಇರುವುದಿಲ್ಲ. ಮರಿ ಉಸಿರುಗಟ್ಟಿ ಸತ್ತಿತ್ತು.

ಇದನ್ನು ತಡೆಯಲು ಸೈಟಿಸ್ ಅಂತ, ಕಾಡುಪ್ರಾಣಿ, ಗಿಡಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಂದು ಒಪ್ಪಂದ ಇದೆ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು, 1975ರಲ್ಲಿ ಜಾರಿಯಾಯಿತು. 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ, 40,000ಕ್ಕೂ ಹೆಚ್ಚು ಜಾತಿಯ ಪ್ರಾಣಿ, ಗಿಡಗಳು ಅದರ ಪಟ್ಟಿಯಲ್ಲಿವೆ. ಮೂರು ವರ್ಷಕ್ಕೊಮ್ಮೆ ದೊಡ್ಡ ಸಭೆ. ಪನಾಮಾ ಆಯ್ತು, ಸಮರ್‌ಖಂಡ್ ಆಯ್ತು. ಯಾವ ಪ್ರಾಣಿ ಒಂದನೇ ಅನುಬಂಧಕ್ಕೆ (ಕಟ್ಟುನಿಟ್ಟಿನ ಪಟ್ಟಿ), ಯಾವುದು ಎರಡನೆಯದಕ್ಕೆ (ಪರವಾನಗಿ ಇದ್ದರೆ ಮಾರಬಹುದು) ಅಂತ ದಿನಗಟ್ಟಲೆ ಚರ್ಚೆ. ಪಟ್ಟಿ ಒಗ್ಗದ ದೇಶ ‘ಈ ಪ್ರಾಣಿಯ ಮಟ್ಟಿಗೆ ನಮ್ಮನ್ನು ಬಿಟ್ಟುಬಿಡಿ’ ಅಂತ ಬರೆದುಕೊಟ್ಟು ಒಪ್ಪಂದದೊಳಗೇ ಹಾಯಾಗಿ ಇರಬಹುದು. ಕೆಲವು ತಿಮಿಂಗಿಲಗಳ ವಿಷಯದಲ್ಲಿ ಜಪಾನ್ ಹಾಗೇ ಮಾಡಿದೆ. ಏಕಾದಶಿ ಉಪವಾಸ ಕಟ್ಟುನಿಟ್ಟು, ಉಪ್ಪಿಟ್ಟು ಮಾತ್ರ ಲೆಕ್ಕಕ್ಕಿಲ್ಲ.

ಕಳ್ಳಸಾಗಣೆಯವರಿಗೆ ಸಭೆಯೂ ಬೇಡ, ದುಭಾಷಿಯೂ ಬೇಡ. ಹೊರದೇಶದ ಇಗುವಾನಾ ಈ ಕಡೆ, ನಮ್ಮ ನಕ್ಷತ್ರ ಆಮೆ ಆ ಕಡೆ. ಕೊಟ್ಟು ತಗೊಳ್ಳೋದು ಅಂದ್ರೆ ಇದು! 2019ರಲ್ಲಿ ಜಿನೀವಾದಲ್ಲಿ ಭಾರತ ಇತರ ದೇಶಗಳ ಜೊತೆ ಸೇರಿ ಈ ಆಮೆಯನ್ನು ಒಂದನೇ ಅನುಬಂಧಕ್ಕೆ ಹಾಕಿಸಿತು. ಕಾಡಿನಿಂದ ಹಿಡಿದು ದೇಶ ದಾಟಿಸಿ ಮಾರುವುದು ಅಲ್ಲಿಗೆ ಬಂದ್. ಕಾಗದದ ಮೇಲೆ. ಮನೆಯಲ್ಲಿಟ್ಟರೆ ಅದೃಷ್ಟ ಅಂತ ಈಗಲೂ ಕೊಳ್ಳುವವರಿದ್ದಾರೆ. ಆಮೆಗೆ ಏನು ಅದೃಷ್ಟ ಅಂತ ಯಾವ ಜ್ಯೋತಿಷಿಯೂ ಹೇಳಿಲ್ಲ.

ನಾವೇನು ಹಿಂದೆ ಬಿದ್ದವರಲ್ಲ. 1976ರಲ್ಲೇ ಒಪ್ಪಂದ ಸೇರಿದೆವು. ಅದನ್ನು ನಮ್ಮ ವನ್ಯಜೀವಿ ಕಾಯ್ದೆಯೊಳಗೆ ತಂದದ್ದು 2022ರ ತಿದ್ದುಪಡಿಯಲ್ಲಿ. 46 ವರ್ಷ! ಅಷ್ಟರಲ್ಲಿ ಕೋಲಾರದ ಆಮೆಯೊಂದು ದೆಹಲಿಗೆ ನಡೆದೇ ಹೋಗಿ, ಅರ್ಜಿ ಕೊಟ್ಟು ವಾಪಸ್ ಬರಬಹುದಿತ್ತು.

ಅದಕ್ಕೂ ಮುಂಚೆ, 2020ರಲ್ಲಿ, ಕೇಂದ್ರ ಸರ್ಕಾರಕ್ಕೆ ಭಾರೀ ಕರುಣೆ ಬಂತು. ವಿದೇಶಿ ಪ್ರಾಣಿ ಸಾಕಿಕೊಂಡಿದ್ದೀರಾ? ಆರು ತಿಂಗಳೊಳಗೆ ನೀವಾಗಿಯೇ ಹೇಳಿಕೊಳ್ಳಿ, ಎಲ್ಲಿಂದ ತಂದಿರಿ ಅಂತ ಕಾಗದಪತ್ರ ಕೇಳುವುದಿಲ್ಲ ಅಂದಿತು. ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಲು ಹೋದವರಿಗೆ ಗೊತ್ತು, ಇಂಥ ಮಾತು ಕಿವಿಗೆ ಎಷ್ಟು ಇಂಪು ಅಂತ. ಹುಟ್ಟಿದರೆ ಈ ದೇಶದಲ್ಲಿ ಇಗುವಾನಾ ಆಗಿ ಹುಟ್ಟಬೇಕು.

ಹಾಗಂತ ಅವಸರಪಟ್ಟು ಹುಟ್ಟಬೇಡಿ. ನಿಲ್ದಾಣದಲ್ಲಿ ಸಿಕ್ಕಿಬಿದ್ದು ಬದುಕಿ ಉಳಿದರೆ, ಸಾಮಾನ್ಯವಾಗಿ ಬಂದ ಕಡೆಗೇ ವಿಮಾನ ಹತ್ತಿಸುತ್ತಾರೆ. ಬರುವಾಗ ಸಾಕ್ಸು, ಬನಿಯನ್ನುಗಳ ನಡುವೆ. ಹೋಗುವಾಗ ಸರ್ಕಾರಿ ಸೀಲಿನ ಜೊತೆ. ಅಲ್ಲಿ ಇಳಿದ ಮೇಲೆ ಇನ್ಯಾವ ಬ್ಯಾಗ್ ಕಾದಿರುತ್ತದೋ! ನಾನು ಇನ್ನೂ ಬ್ಯಾಂಕಾಕ್ ನೋಡಿಲ್ಲ ಅಂತ ಹೊಟ್ಟೆ ಉರಿಸಿಕೊಳ್ಳಬಹುದಿತ್ತು. ಆದರೆ ಅವೂ ಬೆಂಗಳೂರು ನೋಡಿದ್ದು ಅಷ್ಟರಲ್ಲೇ ಇದೆ. ಒಂದು ಬೆಲ್ಟು, ಒಂದು ಎಕ್ಸ್‌ರೇ ಯಂತ್ರ.