ಸತ್ಯಾಂಶ: ರೋಮನ್ನರು ಕೋಳಿಗಳಿಂದ ಭವಿಷ್ಯ ತಿಳಿಯುತ್ತಿದ್ದರೇ?

‘ಯುದ್ಧದಲ್ಲಿ ಗೆಲ್ಲುವವರು ಯಾರೆಂದು ಪ್ರಾಚೀನ ರೋಮನ್ನರು ಕೋಳಿಗಳಿಂದ ತಿಳಿಯುತ್ತಿದ್ದರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಕೋಳಿಗಳಿದ್ದದ್ದು ನಿಜ. ಅವುಗಳನ್ನು ಕೇಳುತ್ತಿದ್ದ ಪ್ರಶ್ನೆ ಮಾತ್ರ ಬೇರೆ.

ಸೇನೆಯ ಜೊತೆ ಪಂಜರದಲ್ಲಿ ಪವಿತ್ರ ಕೋಳಿಗಳನ್ನು ಒಯ್ಯುತ್ತಿದ್ದರು. ಅವುಗಳಿಗೆ ಪ್ರತ್ಯೇಕ ಪಾಲಕನಿರುತ್ತಿದ್ದ. ಪಂಜರ ತೆರೆದು ಆಹಾರ ಹಾಕಿದಾಗ ಅವು ಆತುರದಿಂದ ತಿಂದು, ಕೊಕ್ಕಿನಿಂದ ಒಂದಿಷ್ಟು ನೆಲಕ್ಕೆ ಉದುರಿದರೆ ಶುಭಶಕುನ. ಹೊರಗೆ ಬಾರದಿದ್ದರೆ, ತಿನ್ನದಿದ್ದರೆ ಅಪಶಕುನ. ‘ಗೆಲ್ಲುತ್ತೇವೆಯೇ?’ ಎಂಬುದಲ್ಲ, ‘ಇಂದು ಈ ಕಾರ್ಯಕ್ಕೆ ಜೂಪಿಟರ್ ದೇವನ ಒಪ್ಪಿಗೆ ಇದೆಯೇ?’ ಎಂಬುದೇ ಅಲ್ಲಿನ ಪ್ರಶ್ನೆ. ಉತ್ತರ ಆ ದಿನಕ್ಕಷ್ಟೇ ಅನ್ವಯ. ಮರುದಿನ ಮತ್ತೆ ಕೇಳಬಹುದಿತ್ತು.

ಕ್ರಿ.ಪೂ. 249ರಲ್ಲಿ ಸಿಸಿಲಿಯ ದ್ರೆಪಾನದ ಬಳಿ ನೌಕಾಯುದ್ಧಕ್ಕೆ ಮುನ್ನ ಕೋಳಿಗಳು ಆಹಾರ ಮುಟ್ಟಲಿಲ್ಲವಂತೆ. ‘ತಿನ್ನದಿದ್ದರೆ ಕುಡಿಯಲಿ’ ಎಂದು ಸೇನೆಯನ್ನು ನಡೆಸುತ್ತಿದ್ದ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಪುಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ ಅವುಗಳನ್ನು ಸಮುದ್ರಕ್ಕೆ ಎಸೆಸಿದನೆಂದು ನಂತರದ ಲೇಖಕರು ಹೇಳುತ್ತಾರೆ. ರೋಮಿನ ಶತ್ರುರಾಜ್ಯ ಕಾರ್ತೇಜಿನ ನೌಕಾಪಡೆಯ ಎದುರು ಅವನು ಸೋತದ್ದು, ರೋಮಿಗೆ ಮರಳಿದ ಮೇಲೆ ದಂಡ ತೆತ್ತದ್ದು ಇತಿಹಾಸ. ಕೋಳಿಗಳ ಪ್ರಸಂಗ ಆಮೇಲೆ ಸೇರಿದ್ದೂ ಇರಬಹುದು.

ರೋಮನ್ನರೆಲ್ಲ ಕಣ್ಣುಮುಚ್ಚಿ ನಂಬಿದ್ದರು ಎನ್ನುವುದೂ ಅನ್ಯಾಯದ ಮಾತು. ಸ್ವತಃ ಶಕುನ ಪುರೋಹಿತರ ಮಂಡಳಿಯ ಸದಸ್ಯನಾಗಿದ್ದ ರಾಜಕಾರಣಿ, ಲೇಖಕ ಸಿಸೆರೊ, ಕ್ರಿ.ಪೂ. 44ರಲ್ಲಿ ಬರೆದ ಕೃತಿಯಲ್ಲಿ ಭವಿಷ್ಯ ನುಡಿಯುವ ವಿದ್ಯೆಗಳನ್ನು ಒಂದೊಂದಾಗಿ ಪ್ರಶ್ನಿಸಿದ. ಆದರೂ ರಾಜ್ಯದ ಹಿತಕ್ಕಾಗಿ ಆ ಆಚರಣೆಗಳು ಉಳಿಯಬೇಕೆಂದು ಅಲ್ಲಿಯೇ ವಾದಿಸಿದ.