ಮಿಂದಾಯ್ತಾ?

ಚಳ್ಳಕೆರೆಯಿಂದ ಕುಂದಾಪುರಕ್ಕೆ ವರ್ಗ ಆದಾಗ ಅಮ್ಮ ಎರಡೇ ಮಾತು ಹೇಳಿದ್ದಳು. ಸಮುದ್ರಕ್ಕೆ ಇಳೀಬೇಡ. ಮೀನು ಮುಟ್ಟಬೇಡ. ನಮ್ಮದು ಈರುಳ್ಳಿ ಹೆಚ್ಚೋಕೂ ಪಂಚಾಂಗ ನೋಡುವ ಮನೆ.

ನಾನು ಬ್ಯಾಂಕ್ ಗುಮಾಸ್ತ. ಈ ಕರಾವಳಿಯೋ ಬ್ಯಾಂಕುಗಳ ತವರು. 1906ರಲ್ಲಿ ಒಂದೇ ವರ್ಷ ಮಂಗಳೂರಲ್ಲೊಂದು, ಉಡುಪಿಯಲ್ಲೊಂದು ಹುಟ್ಟಿಕೊಂಡಿದ್ದವು. ಅಂಥ ಕಡೆಗೆ ಬಯಲುಸೀಮೆಯವನನ್ನು ಕಳಿಸೋದು ಅಂದರೆ ಕಮ್ಮಾರರ ಕೇರಿಗೆ ಸೂಜಿ ಮಾರೋಕೆ ಕಳಿಸಿದ ಹಾಗೆ. ಮೊದಲ ದಿನವೇ ಒಬ್ಬ ಅಜ್ಜಿ, ನಾನು ಬಾಯಲ್ಲಿ ಹೇಳಿದ ಬಡ್ಡಿ ಲೆಕ್ಕದಲ್ಲಿ ಏಳು ರೂಪಾಯಿ ತಪ್ಪು ಹಿಡಿದರು. ಅವರ ಕೈಯಲ್ಲಿ ಕ್ಯಾಲ್ಕುಲೇಟರ್ ಇರಲಿಲ್ಲ. ಎಲೆಅಡಿಕೆ ಸಂಚಿ ಇತ್ತು.

ಎರಡನೇ ದಿನ ಮ್ಯಾನೇಜರ್ ಗಂಗೊಳ್ಳಿಗೆ ಹೋಗಿ ಒಂದು ಸಹಿ ಹಾಕಿಸಿಕೊಂಡು ಬನ್ನಿ ಅಂದರು. ಹೊಳೆ ದಡದಲ್ಲಿ ನಿಂತು ನೋಡಿದೆ. ಎದುರಿಗೇ ಇದೆ ಊರು! ಹತ್ತು ನಿಮಿಷದಲ್ಲಿ ಬಂದೆ ಸಾರ್ ಅಂತ ಫೋನಲ್ಲಿ ಹೇಳಿ ಬಸ್ ಹತ್ತಿದೆ. ಬಸ್ಸು ಬೆನ್ನು ತಿರುಗಿಸಿಕೊಂಡು ತಲ್ಲೂರು, ಹೆಮ್ಮಾಡಿ, ತ್ರಾಸಿ ಅಂತ ಊರೂರು ಸುತ್ತತೊಡಗಿತು. ನಡುವೆ ಐದು ನದಿ ಸೇರುವ ಪಂಚಗಂಗಾವಳಿ ಇದೆ ಅನ್ನೋದು ಬಯಲುಸೀಮೆಯ ಕಣ್ಣಿಗೆ ಹೇಗೆ ಹೊಳೀಬೇಕು? ನಮ್ಮಲ್ಲಿ ಹೊಳೆ ಅಂದರೆ ನಡೆದು ದಾಟುವ ಜಾಗ.

ಇದೆಲ್ಲ ಅಡ್ಡಿಲ್ಲ. ಅಸಲಿ ಕಥೆ ಬೇರೆ.

ನಾನು ಬಂದದ್ದು ಮೇ ಕೊನೆಯ ವಾರ. ಊರಿಗೆ ಊರೇ ಮೀನಿನ ಮಾತಾಡುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ. ಕೌಂಟರಿನಲ್ಲಿ ಬಂಗುಡೆ, ಬಸ್ಸಿನಲ್ಲಿ ಬೂತಾಯಿ, ಹೋಟೆಲಿನಲ್ಲಿ ಅಂಜಲ್. ಕೇಳೀ ಕೇಳೀ ನನ್ನ ಕಿವಿ 'ಮೀ' ಅಂದರೆ ಸಾಕು, 'ನು' ಅಂತ ತಾನೇ ಸೇರಿಸಿಕೊಳ್ಳುವ ಹಂತಕ್ಕೆ ಬಂದಿತ್ತು.

ಅಂಥ ಒಂದು ಬೆಳಿಗ್ಗೆ ಮನೆ ಓನರ್ ಅಮ್ಮ ಹಿತ್ತಲಿಂದ ಕೂಗಿದರು. "ಹ್ವಾಯ್, ಮಿಂದಾಯ್ತಾ?"

ಓಹೋ, ಮೀನೂಟ ಆಯ್ತಾ ಅಂತ ಕೇಳ್ತಿದಾರೆ. ಬೆಳಿಗ್ಗೆ ಏಳು ಗಂಟೆಗೇನಾ? ಇರಬಹುದು, ಅವರವರ ಊರು.

"ಇಲ್ಲಮ್ಮ, ನಾನು ಅದನ್ನ ಮುಟ್ಟೋದಿಲ್ಲ" ಅಂದೆ.

"ಇವತ್ತ್ ಇಲ್ಯಾ?"

"ಇವತ್ತಲ್ಲಮ್ಮ, ಹುಟ್ಟಿದಾಗಿಂದಾನೂ ಇಲ್ಲ. ನಮ್ಮ ಮನೇಲಿ ಯಾರಿಗೂ ಅಭ್ಯಾಸ ಇಲ್ಲ."

ಅಮ್ಮ ಕೈಯಲ್ಲಿದ್ದ ಹಿಡಿಸೂಡಿ ಕೆಳಗಿಟ್ಟರು.

"ಹಬ್ಬಕ್ಕೂ ಇಲ್ಯಾ?"

"ಹಬ್ಬದ ದಿನ ಅಂತೂ ಶಾಂತಂ ಪಾಪಂ!"

"ಮತ್ತೆ ವಾಸ್ನಿ?"

"ಅದನ್ನೇ ಹೇಳ್ತೀನಿ ನೋಡಿ. ಆ ವಾಸನೆಗೇ ನಮ್ಮಮ್ಮಂಗೆ ತಲೆ ತಿರುಗುತ್ತೆ."

ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಎಂಥ ಸಂಸ್ಕಾರವಂತ ಅಂತ ಗೌರವ ಬಂದಿರಬೇಕು ಅಂದುಕೊಂಡು ನಾನು ಎದೆಯುಬ್ಬಿಸಿ ಆಫೀಸಿಗೆ ಹೊರಟೆ.

ಮೀಯುವುದು ಅಂದರೆ ಸ್ನಾನ ಮಾಡುವುದು ಅಂತ ನನಗೆ ಗೊತ್ತಿಲ್ಲದೆ ಇರಲಿಲ್ಲ. ಹಳಗನ್ನಡ ಪದ್ಯದಲ್ಲಿ 'ಮಿಂದು' ಬಂದಾಗ ಅರ್ಥ ಬರೆದು ಎರಡು ಅಂಕ ಕೂಡ ತಗೊಂಡಿದ್ದೆ. ಆದರೆ ಆ ಪದ ಇನ್ನೂ ಬದುಕಿದೆ, ಹಿತ್ತಲಲ್ಲಿ ಹಿಡಿಸೂಡಿ ಹಿಡಿದು ನಿಂತು ಕೂಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದು ನಮ್ಮ ಅಟೆಂಡರ್. ಅದೂ ನಾಲ್ಕು ದಿನ ಆದಮೇಲೆ, ಸ್ವಲ್ಪ ದೂರದಲ್ಲಿ ನಿಂತು. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಆಗಿತ್ತು: ಚಳ್ಳಕೆರೆ ಬದಿಯಲ್ಲಿ ನೀರಿಲ್ಲ ಗಡ, ಜನ ಮೀವುದೇ ಇಲ್ಲ ಗಡ. ಕೌಂಟರಿನ ಗಾಜಿನ ಆಚೆ ಜನ ಯಾಕೆ ಒಂದು ಮೊಳ ಬಿಟ್ಟು ನಿಲ್ಲುತ್ತಿದ್ದರು ಅಂತ ಆಗ ತಿಳಿಯಿತು. ನಾನದನ್ನು ಕರಾವಳಿಯ ಶಿಸ್ತು ಅಂದುಕೊಂಡಿದ್ದೆ.

ಮಾನ ಉಳಿಸಿಕೊಳ್ಳಲು ದಿನಕ್ಕೆರಡು ಸಲ ಸ್ನಾನ ಶುರು ಮಾಡಿದೆ. ಬಕೆಟ್ಟಿನ ಸದ್ದು ನಾಲ್ಕು ಮನೆಗೆ ಕೇಳಬೇಕು, ಹಾಗೆ. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮೂರಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ ಕೆರೆಗೆ ಬಾಗಿನ ಕೊಡ್ತಾರೆ. ಉಡುಪಿ ಜಿಲ್ಲೆಯಲ್ಲಿ ಅದು ಸುಮಾರು 4,000. ಈಗ ಸ್ನಾನ ಎಷ್ಟು ಸಲ ಆಯಿತು ಅಂತ ಲೆಕ್ಕ ಇಡೋದೇ ಕಷ್ಟ. ಬೆಂಗಳೂರಲ್ಲಿ ಕೊಂಡ ಮೂರು ಮಡಿಕೆಯ ಕೊಡೆ ಮೊದಲ ಗಾಳಿಗೇ ಮೇಲ್ಮುಖವಾಗಿ ಅರಳಿ, ನೀರು ಹಿಡಿಯುವ ಬೋಗುಣಿ ಆಯಿತು. ಟವೆಲು ಜೂನ್ 6ಕ್ಕೆ ಒದ್ದೆಯಾದದ್ದು ಇನ್ನೂ ಒಣಗಿಲ್ಲ. ವಾರ ರಜೆ ಹಾಕಿ ಬಂದು ಬಾಗಿಲು ತೆಗೆದರೆ, ಕರೀ ಶೂಗಳ ಮೇಲೆ ಬೂದು-ಹಸಿರು ರೋಮ ಎದ್ದು ನಿಂತಿತ್ತು. ಬೆಕ್ಕೇನೋ ಮರಿ ಹಾಕಿದೆ ಅಂತ ಮೆಲ್ಲಗೆ "ಬಾ ಬಾ" ಅಂದೆ. ಬೂಸಲು. ಸವರಿ ಬೇರೆ ನೋಡಿದೆ.

ಆಸಾಡಿ ಅಮಾಸಿ ಬಂತು. 2019ರಿಂದ ಈ ದಿನವನ್ನು ಕುಂದಾಪ್ರ ಕನ್ನಡ ದಿನ ಅಂತ ಇವರು ಆಚರಿಸುತ್ತಾರೆ. ಬ್ರಾಂಚಿನಲ್ಲಿ ಎಲ್ಲರೂ ಹಿಡಿದು ನಿಲ್ಲಿಸಿ, ನೀವೂ ಎರಡು ಮಾತಾಡಿ ಅಂದರು. ನಾನು ಕೈ ಮುಗಿದು, "ಎಲ್ಲರಿಗೂ ನಮಸ್ಕಾರ, ನಂದ್ ಮಿಂದಾಯ್ತ್" ಅಂದೆ. ಅಷ್ಟು ಚಪ್ಪಾಳೆ ನನಗೆ ನನ್ನ ಮದುವೆಯಲ್ಲೂ ಬಿದ್ದಿರಲಿಲ್ಲ. ಏಳು ರೂಪಾಯಿಯ ಅಜ್ಜಿ ಹತ್ತಿರ ಬಂದು "ಅಡ್ಡಿಲ್ಲ" ಅಂದರು. ಇಲ್ಲಿ ಅಡ್ಡಿಲ್ಲ ಅಂದರೆ ಸುಮ್ನೆ ಪರವಾಗಿಲ್ಲ ಅಂತಲ್ಲ, ಚೆನ್ನಾಗಿದೆ ಅಂತ. ಅದು ಅರ್ಥ ಆಗೋಕೂ ಒಂದು ತಿಂಗಳು ಬೇಕಾಯಿತು.

ಚೌತಿಗೆ ಊರಿಗೆ ಹೋಗಿದ್ದೆ. ಅಮ್ಮನ ಜೊತೆ ಓನರ್ ಅಮ್ಮನ ಪರಿಚಯ ಮಾಡಿಸೋಣ ಅಂತ ಫೋನ್ ಹಚ್ಚಿಕೊಟ್ಟು ಒಳಗೆ ಕಾಫಿಗೆ ಹೋದೆ. ಇಬ್ಬರೂ ಚೆನ್ನಾಗಿಯೇ ನಗುತ್ತಿದ್ದರು. ಆಮೇಲೆ ಸದ್ದು ನಿಂತಿತು. ಹೊರಗೆ ಬಂದರೆ ಫೋನ್ ಕೆಳಗಿಟ್ಟು, ದೇವರ ಮನೆ ಬಾಗಿಲಿಗೆ ಅಡ್ಡ ನಿಂತಿದ್ದಳು ನಮ್ಮಮ್ಮ. ಸ್ಪೀಕರ್ ಇನ್ನೂ ಆನ್ ಇತ್ತು. ಅದರಿಂದ ಆ ಅಮ್ಮ ಹೆಮ್ಮೆಯಿಂದ ಹೇಳುತ್ತಲೇ ಇದ್ದರು:

"ಮೊದ್ಲೆಲ್ಲ ಮುಟ್ಟುದೇ ಇಲ್ಲ ಅಂದ್ರ್ ಕಾಣಿ. ಈಗ ದಿನಾ ಎರಡ್ ಸಲ ಮೀತ್ರ್!"

ಅಮ್ಮ ನನ್ನನ್ನೇ ನೋಡಿದಳು.

"ಎರಡು ಹೊತ್ತೂನಾ?"