ಕಲಿಯುವವರಿಗೆ ಹಸಿವಾಗುವುದಿಲ್ವಾ?

ವಕೀಲಿಕೆ ಶುರು ಮಾಡಿ ಎರಡು ವರ್ಷ ಆಯಿತು. ತಿಂಗಳಿಗೆ ಕೈಗೆ ಸಿಗುವುದು 8,000 ರೂಪಾಯಿ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆಗೇ ಅದು ಮುಗಿಯುತ್ತದೆ. ಬಸ್ಸಿಗೆ, ಊಟಕ್ಕೆ ಇನ್ನೂ ಅಪ್ಪನನ್ನೇ ಕೇಳಬೇಕು. ಹಗಲೆಲ್ಲ ಕೋರ್ಟ್ ಹಾಲಿನಿಂದ ಕೋರ್ಟ್ ಹಾಲಿಗೆ ಓಡಾಟ, ರಾತ್ರಿ ಒಂಬತ್ತರವರೆಗೆ ಆಫೀಸಿನಲ್ಲಿ ಡ್ರಾಫ್ಟಿಂಗ್. ಜೆರಾಕ್ಸ್ ದುಡ್ಡೂ ಎಷ್ಟೋ ಸಲ ನಮ್ಮದೇ. ಕೇಳಿದರೆ, "ಇದು ಕಲಿಯೋ ಕಾಲ, ದುಡ್ಡಿನ ಯೋಚನೆ ಬಿಡಪ್ಪಾ" ಅನ್ನುತ್ತಾರೆ ನಾನು ಕೆಲಸ ಮಾಡುವ ಆಫೀಸಿನ ಸೀನಿಯರ್ ವಕೀಲರು.

2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ನನ್ನಂಥ ಜೂನಿಯರ್ ವಕೀಲರಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಎಂದಿತು. ಆದರೆ ಅದು ಬರೀ ಶಿಫಾರಸು, ಕಡ್ಡಾಯವಲ್ಲ. ಯಾರು ಕೇಳುತ್ತಾರೆ?

ನನ್ನ ಜೊತೆ ಓದಿದ ಇಬ್ಬರು ಆಗಲೇ ಕರಿ ಕೋಟು ಮಡಚಿಟ್ಟು ಬೇರೆ ಕೆಲಸಕ್ಕೆ ಹೋದರು. ಮನೆಯಲ್ಲಿ ಅನುಕೂಲ ಇರಲಿಲ್ಲ. ಇಬ್ಬರೂ ನನಗಿಂತ ಚೆನ್ನಾಗಿ ವಾದ ಮಾಡುತ್ತಿದ್ದರು.